ಹೋದವರ ಬೆನ್ನಿಗೆ ಗುಡಿಸಬಾರದು

ನಮ್ಮ ಮನೆಯಲ್ಲಿ ಕಸ ಗುಡಿಸುವುದಕ್ಕೆ ಹೊತ್ತೇ ಇಲ್ಲ. ಪುರುಸೊತ್ತಿಲ್ಲ ಅನ್ನುವ ಅರ್ಥದಲ್ಲಿ ಹೇಳುತ್ತಿಲ್ಲ. ಗುಡಿಸಬಹುದಾದ ಹೊತ್ತು ಅಂತ ದಿನದಲ್ಲಿ ಉಳಿದೇ ಇಲ್ಲ. ಓದಿದವರು ನಗಬಹುದು, ನಗಲಿ. ಮದುವೆಯಾಗಿ ಹೊಸೂರಿನ ಪಕ್ಕದ ಮತ್ತಿಗಿರಿಗೆ ಬಂದಾಗಿನಿಂದ ಬೆಳಗಾಗುವ ಮೊದಲೇ ಕೈಯಲ್ಲಿ ಪೊರಕೆ ಹಿಡಿದು ಮನೆಯ ಹಾಲ್‌ನ ನಡುವೆ ಸುಮ್ಮನೆ ನಿಂತವಳು ನಾನು. ನನಗೆ ನಗು ಬಂದದ್ದು ಕಡಿಮೆ.

ದಿನ ಹೇಗೆ ಕಳೆಯಿತು ಅಂತ ಯಾರನ್ನು ಕೇಳಿದರೂ ಎದ್ದೆ, ಮುಖ ತೊಳೆದೆ, ತಿಂಡಿ ತಿಂದೆ, ಕೆಲಸಕ್ಕೆ ಹೋದೆ, ಬಂದೆ, ಮಲಗಿದೆ ಅನ್ನುತ್ತಾರೆ. ಗಂಡಸರಂತೂ ಅಷ್ಟನ್ನೂ ಹೇಳುವುದಿಲ್ಲ. ಇವುಗಳ ಸಂದಿಯಲ್ಲಿ ಏನೇನು ಸಿಕ್ಕಿಕೊಂಡಿರುತ್ತದೆ, ಯಾರು ಯಾರಿಗಾಗಿ ಎಷ್ಟು ಹೊತ್ತು ಸುಮ್ಮನೆ ನಿಂತಿರುತ್ತಾರೆ ಅನ್ನುವುದನ್ನು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ನಾನು ಹೇಳಹೊರಟಿರುವುದು ಆ ನಿಲ್ಲುವುದರ ಬಗ್ಗೆಯೇ.

ಮನೆಯಿಂದ ಯಾರಾದರೂ ಹೊರಟರೆ ಅವರ ಬೆನ್ನಿಗೇ ಕಸ ಗುಡಿಸಬಾರದು. ಹೆಣ ಎತ್ತಿದ ಮೇಲೆ ಮಾಡುವ ಮೊದಲ ಕೆಲಸ ಅದು. ಹೊತ್ತವರು ಹೊಸಲು ದಾಟಿದ ಕೂಡಲೇ ಒಳಗಿದ್ದ ಹೆಂಗಸರು ಮನೆಯೆಲ್ಲ ಗುಡಿಸಿ ತೊಳೆಯುತ್ತಾರೆ. ಬದುಕಿರುವವರು ಹೊರಟಾಗಲೂ ಹಾಗೇ ಮಾಡಿದರೆ ಮತ್ತೆ ಬರಬೇಡ ಅಂದ ಹಾಗಾಗುತ್ತದೆ. ಇದು ನಮ್ಮೊಬ್ಬರದೇ ಶಾಸ್ತ್ರವಲ್ಲ. ಮಹಡಿ ಮೇಲಿರುವ ಓನರಮ್ಮ ತಮಿಳಿನವರು, ಪಕ್ಕದ ಮನೆಯವರು ತೆಲುಗಿನವರು, ಅವರಲ್ಲೂ ಉಂಟು. ನಮ್ಮ ಬೀದಿಯಲ್ಲಿ ಹೊರಡುವಾಗ ಯಾರೂ ಬರೀ ಹೋಗ್ತೀನಿ ಅನ್ನುವುದಿಲ್ಲ. ನಾವು 'ಹೋಗ್ಬತ್ತೀನಿ' ಅಂತೀವಿ, ಮೇಲಿನವರು 'ಪೋಯ್ಟ್ಟು ವರೇನ್' ಅಂತಾರೆ, ಪಕ್ಕದವರು 'ಪೊಯ್ಯೊಸ್ತಾ' ಅಂತಾರೆ. ಹೋಗುವುದರ ಜೊತೆಗೆ ಬರುವುದನ್ನೂ ಕಟ್ಟಿಕೊಂಡೇ ಎಲ್ಲರೂ ಮೆಟ್ಟಿಲಿಳಿಯುವುದು.

ಆದರೆ ಆ ಎರಡು ಮನೆಗಳಲ್ಲಿ ಹೋದವರು ಗೇಟು ದಾಟಿದರೆ ಸಾಕು, ಪೊರಕೆ ಎತ್ತಬಹುದು. ನಮ್ಮತ್ತೆಗೆ ಗೇಟು ಸಾಲದು. ಹೋದವರು ಮೇನ್ ರೋಡು ಮುಟ್ಟಿ, ಬಸ್ಸು ಹತ್ತಿ, ಬಸ್ಸು ಹೊರಟಿರಬೇಕು. ಇದನ್ನು ಅವರು ಗಡಿಯಾರ ನೋಡಿ ಹೇಳುವುದಿಲ್ಲ. ಒಂದು ಲೋಟ ಕಾಫಿಯನ್ನು ಊದಿ ಊದಿ ಕುಡಿದು ಮುಗಿಸಿ ಲೋಟ ಕೆಳಗಿಟ್ಟರೆ ಅಷ್ಟು ಹೊತ್ತು ಆಯಿತು ಅಂತ ಅರ್ಥ. ಕಾಫಿ ಬಿಸಿ ಜಾಸ್ತಿಯಾದ ದಿನ ನನ್ನ ಗತಿ ಕೇಳಬೇಡಿ.

ಅತ್ತೆಯ ಊರು ತಳಿ ಅನ್ನುವ ಪೇಟೆಯ ಆಚೆ, ನನ್ನ ತವರೂ ಅದೇ ದಿಕ್ಕು. ಅಲ್ಲಿ ಈ ಶಾಸ್ತ್ರದಿಂದ ಯಾರಿಗೂ ತೊಂದರೆಯಾದದ್ದು ನಾನು ನೋಡಿಲ್ಲ. ಹೊಲಕ್ಕೆ ಹೋಗುವುದನ್ನು ಹೋಗುವುದು ಅಂತ ಯಾರೂ ಎಣಿಸುತ್ತಿರಲಿಲ್ಲ, ಕೂಗಿದರೆ ಕೇಳಿಸುವಷ್ಟು ದೂರದಲ್ಲೇ ರಾಗಿಯ ಹೊಲ ಇರುತ್ತಿತ್ತು. ಹೊಸೂರಿಗೆ ಬಸ್ಸು ಹತ್ತಿ ಹೋದರೆ ಅದು ಹೋಗುವುದು. ಯಾರೋ ಒಬ್ಬರು, ಯಾವತ್ತೋ ಒಂದು ದಿನ. ಅವತ್ತು ಕಾಫಿ ಕುಡಿಯುವಷ್ಟು ಹೊತ್ತು ಪೊರಕೆ ಮೂಲೆಯಲ್ಲಿದ್ದರೆ ಏನೂ ಮುಳುಗಿಹೋಗುತ್ತಿರಲಿಲ್ಲ.

ಆ ಶಾಸ್ತ್ರವನ್ನು ಅತ್ತೆ ಹಾಗೆಯೇ ಗಂಟು ಕಟ್ಟಿಕೊಂಡು ಮತ್ತಿಗಿರಿಗೆ ತಂದರು. ಇಲ್ಲಿ ನಮ್ಮದು ಬಾಡಿಗೆ ಮನೆ. ಒಂದು ಹಾಲು, ಒಂದು ರೂಮು, ಒಂದು ಅಡುಗೆಮನೆ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಉಳಿದ ನಾಲ್ಕು ಜನರಲ್ಲಿ ಮೂವರು ಕಂಪನಿಗೆ ಹೋಗುವವರು. ನನ್ನ ಗಂಡನಿಗೆ ಒಂದು ಕಂಪನಿ, ಮೈದುನನಿಗೆ ಇನ್ನೊಂದು, ಇಬ್ಬರಿಗೂ ವಾರಕ್ಕೊಮ್ಮೆ ಶಿಫ್ಟು ಬದಲಾಗುತ್ತದೆ. ನನಗೆ ಸೂಳಗಿರಿ ಕಡೆ ಕಾರಿನ ವೈರುಗಳನ್ನು ಒಟ್ಟಿಗೆ ಹಿಡಿದು ಟೇಪು ಸುತ್ತುವ ಕೆಲಸ. ಯಾವಾಗಲೂ ಫಸ್ಟ್ ಶಿಫ್ಟು. ಹೊರಡುವುದು, ಬರುವುದು, ಮತ್ತೆ ಹೊರಡುವುದು ಬಿಟ್ಟರೆ ಈ ಮನೆಯಲ್ಲಿ ಬೇರೆ ಏನೂ ನಡೆಯುವುದಿಲ್ಲ. ಇಲ್ಲಿ ಹೋದವರ ಬೆನ್ನಿಗೆ ಗುಡಿಸಬಾರದು ಅಂದರೆ ಗುಡಿಸಲೇಬಾರದು ಅಂದ ಹಾಗೆ.

ಹಾಗಂತ ಬಿಡುವ ಹಾಗೂ ಇಲ್ಲ. ಬೆಳಗಿನ ಮೊದಲ ಕಸವನ್ನು ಮನೆಯ ಸೊಸೆಯೇ ಗುಡಿಸಬೇಕು. ಅದಾದ ಮೇಲೆಯೇ ಬಾಗಿಲಿಗೆ ನೀರು, ರಂಗೋಲಿ, ಆಮೇಲೆ ಅತ್ತೆ ದೀಪ ಹಚ್ಚುವುದು. ನಾನು ಗುಡಿಸದೆ ಹೋದರೆ ದೇವರೂ ಕತ್ತಲಲ್ಲೇ ಕೂತಿರಬೇಕು. ಅವರು ಹೊರಡುವ ಮೊದಲೇ ಗುಡಿಸೋಣ ಅಂದರೆ ಮೈದುನ ಹಾಲಿನ ಉದ್ದಕ್ಕೂ ಚಾಪೆ ಹಾಸಿಕೊಂಡು ಮಲಗಿರುತ್ತಾನೆ. ಹೊರಡುವ ಕೊನೆಯ ಗಳಿಗೆಯವರೆಗೂ ಏಳುವವನಲ್ಲ. ಹಿಂದಿನ ಸಂಜೆಯೇ ಗುಡಿಸಿಡೋಣ ಅಂದರೆ ದೀಪ ಹಚ್ಚಿದ ಮೇಲೆ ಪೊರಕೆ ಮುಟ್ಟಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆ. ದೀಪಕ್ಕೆ ಮೊದಲು ಗುಡಿಸೋಣ ಅಂದರೆ ಸೆಕೆಂಡ್ ಶಿಫ್ಟಿನವರು ಆಗತಾನೆ ಹೋಗಿರುತ್ತಾರೆ, ಇಲ್ಲವೇ ರಾತ್ರಿ ಪಾಳಿ ಮುಗಿಸಿ ಬಂದವರು ಮಲಗಿರುತ್ತಾರೆ.

ಒಮ್ಮೆ ಮೈದುನ ಯಾರೋ ಸ್ನೇಹಿತರ ಮನೆಯಿಂದ ಹಳೆಯ ವ್ಯಾಕ್ಯೂಮ್ ಕ್ಲೀನರ್ ಒಂದನ್ನು ತಂದ. ನನ್ನ ಕಷ್ಟ ನೋಡಿ ತಂದದ್ದು, ಸುಳ್ಳು ಹೇಳಬಾರದು. "ಇದ್ರಲ್ಲಿ ಗುಡಿಸೋದೇ ಇಲ್ಲಮ್ಮ, ಎಳ್ಕೊಳ್ತದೆ ಅಷ್ಟೆ" ಅಂತ ತಾಯಿಗೆ ವಿವರಿಸಿದ. ಅತ್ತೆ ಅದರ ಮೂತಿಯನ್ನೂ ಹೊಟ್ಟೆಯನ್ನೂ ತಿರುಗಿಸಿ ನೋಡಿದರು.

"ಕಸ ಹೋಗ್ತದೆ ತಾನೆ?"

"ಹೋಗ್ತದೆ."

"ಅಂಗಾದ್ರೆ ಇದೂ ಪರಕೇನೆ ಕಣ್ಲಾ. ಆ ಮೂಲೇಲಿ ಮಡಗು."

ಅದು ಈಗಲೂ ಅದೇ ಮೂಲೆಯಲ್ಲಿದೆ. ಅದರ ಮೇಲೆ ಕೂತ ಧೂಳನ್ನು ನಾನು ವಾರಕ್ಕೊಮ್ಮೆ ಒರೆಸುತ್ತೇನೆ.

ಇಷ್ಟೇ ಆಗಿದ್ದರೆ ಮನೆಮನೆಯಲ್ಲೂ ಇರುವ ಗೋಳು ಅಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ನನ್ನ ಕಂಪನಿಯ ವ್ಯಾನು ಅತ್ತೆಯ ಕಾಫಿಗೆ ಕಾಯುವುದಿಲ್ಲ. ಬೀದಿಯ ತುದಿಯಲ್ಲಿ ಒಂದು ಟೀ ಅಂಗಡಿ ಇದೆ, ಅಲ್ಲಿ ನಿಲ್ಲುತ್ತದೆ, ಡ್ರೈವರು ಒಂದು ಸಲ ಹಾರನ್ ಹೊಡೆಯುತ್ತಾನೆ, ಹೊರಟುಬಿಡುತ್ತಾನೆ. ನನಗೆ ಎರಡು ಸಲ ವ್ಯಾನು ತಪ್ಪಿತ್ತು.

ಎರಡನೆಯ ಸಲ ಆದದ್ದು ಹೀಗೆ. ಗಂಡನೂ ಮೈದುನನೂ ಇಬ್ಬರೂ ಫಸ್ಟ್ ಶಿಫ್ಟಿನಲ್ಲಿದ್ದ ವಾರ. ಗಂಡ ಹೋದರು. ಅತ್ತೆ ಕಾಫಿ ಊದಿದರು. ಲೋಟ ಕೆಳಗಿಡುವುದಕ್ಕೂ ಮೈದುನ ಎದ್ದು, ಚಾಪೆ ಸುತ್ತಿ, ಬೈಕಿನ ಕೀ ತಗೊಂಡು ಹೊರಡುವುದಕ್ಕೂ ಸರಿಹೋಯಿತು. ಮತ್ತೆ ಮೊದಲಿಂದ. ಅತ್ತೆಯ ಲೋಟದಲ್ಲಿ ಕಾಫಿ ಇರಲಿಲ್ಲ, ಆದರೂ ಅಷ್ಟೇ ಹೊತ್ತು ಕೂತರು. ಕೊನೆಗೆ "ಹೂಂ" ಅಂದರು. ನಾನು ಬಗ್ಗಿ ಪೊರಕೆ ನೆಲಕ್ಕೆ ತಾಗಿಸಿದೆ, ಹೊರಗೆ ಬೈಕಿನ ಸದ್ದಾಯಿತು. ಮೈದುನ ಹೆಲ್ಮೆಟ್ಟು ಮರೆತಿದ್ದ.

"ಅತ್ಗೆ, ಅದೊಂದು ಎತ್ಕೊಟ್ಬುಡಿ, ನಾನು ಒಳಕ್ ಬರಲ್ಲ" ಅಂದ ಪಾಪ. ಅತ್ತೆ ಬಿಡಬೇಕಲ್ಲ. ಹೋದವನು ಅರ್ಧದಿಂದ ತಿರುಗಿ ಬಂದರೆ ಒಳಗೆ ಬಂದು ಕೂತು ನೀರು ಕುಡಿದೇ ಹೋಗಬೇಕು. ಅವನನ್ನು ಕೂರಿಸಿದರು. ನೀರು ಕುಡಿಸಿದರು. ಅವನು ಮತ್ತೆ ಹೋದ. ಅತ್ತೆ ಮತ್ತೆ ಕೂತರು. ನಾನು ಯೂನಿಫಾರಂ ಹಾಕಿಕೊಂಡು, ತಲೆ ಬಾಚಿಕೊಂಡು, ಕುತ್ತಿಗೆಗೆ ಐಡಿ ಕಾರ್ಡು ಹಾಕಿಕೊಂಡು, ಕೈಯಲ್ಲಿ ಪೊರಕೆ ಹಿಡಿದು ನಿಂತಿದ್ದೆ. ಟೀ ಅಂಗಡಿಯ ಕಡೆಯಿಂದ ಹಾರನ್ ಕೇಳಿಸಿತು. ಅದು ನನ್ನ ವ್ಯಾನೇ ಅಂತ ಅತ್ತೆಗೂ ಗೊತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮರುದಿನ ಸೂಪರ್‌ವೈಸರಮ್ಮ ಕರೆದು, ಇನ್ನೊಂದು ಸಲ ವ್ಯಾನು ತಪ್ಪಿದರೆ ನಿನ್ನನ್ನೂ ಶಿಫ್ಟು ಬದಲಾಗುವ ರೊಟೇಷನ್‌ಗೆ ಹಾಕುತ್ತೇನೆ, ಆಗ ಬೆಳಗ್ಗೆ ಬೇಗ ಏಳುವ ಕಷ್ಟ ಇರುವುದಿಲ್ಲ ಅಂತ ತಮಿಳಿನಲ್ಲಿ ನಗುತ್ತಲೇ ಹೇಳಿದರು. ನಾನು ಏಳುವುದರಲ್ಲಿ ಸೋಮಾರಿ ಅಂತ ಅವರು ತಿಳಿದುಕೊಂಡಿದ್ದರು. ಏನು ಅಂತ ವಿವರಿಸಲಿ? ಹೆಲ್ಮೆಟ್ಟು, ನೀರು, ಪೊರಕೆ, ಹೆಣ ಅಂತ ಶುರು ಮಾಡಿದರೆ ಮುಗಿಯುವ ಮಾತೇ? ಸರಿ ಮೇಡಂ ಅಂದೆ.

ರೊಟೇಷನ್ ಅಂದರೆ ನನ್ನ ಕೆಲಸ ಹೋದ ಹಾಗೆಯೇ. ನಾನು ಕೆಲಸಕ್ಕೆ ಸೇರುವಾಗ ಮನೆಯಲ್ಲಿ ಆದ ಮಾತು ಒಂದೇ, ಫಸ್ಟ್ ಶಿಫ್ಟು ಮಾತ್ರ, ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು. ಆ ಮಾತು ತಪ್ಪಿದ ದಿನ ಯಾರೂ ಜಗಳವಾಡುವುದಿಲ್ಲ, ಸಾಕು ಬಿಡಮ್ಮ ಅನ್ನುತ್ತಾರೆ ಅಷ್ಟೆ. ನನಗೆ ಆ ಕೆಲಸ ಬೇಕಿತ್ತು. ವ್ಯಾನಿನಲ್ಲಿ ಕಿಟಕಿ ಪಕ್ಕ ಕೂತು ಸೂಳಗಿರಿಯವರೆಗೆ ಯಾರಿಗೂ ಏನನ್ನೂ ಎತ್ತಿಕೊಡದೆ ಹೋಗುವ ಆ ಹೊತ್ತು ಬೇಕಿತ್ತು. ಟೇಪು ಸುತ್ತುವುದರಲ್ಲಿ ನನ್ನ ಕೈ ಒಳ್ಳೆಯದು, ಅದೂ ಬೇಕಿತ್ತು. ಒಂದು ಪೊರಕೆಯ ದೆಸೆಯಿಂದ ಇದೆಲ್ಲ ಹೋಗುತ್ತದೆ ಅಂದರೆ ಮೈ ಉರಿಯುವುದಿಲ್ಲವೇ?

ಅವತ್ತಿನಿಂದ ನಾನು ಗುಡಿಸುವ ರೀತಿ ಬದಲಾಯಿತು. ಅತ್ತೆ "ಹೂಂ" ಅಂದ ಕೂಡಲೇ ಗಾಳಿ ಬೀಸಿದ ಹಾಗೆ ಗುಡಿಸಿ, ಬಾಗಿಲಿಗೆ ಒಂದು ಚೊಂಬು ನೀರು ಚೆಲ್ಲಿ, ಸಣ್ಣದೊಂದು ರಂಗೋಲಿ ಎಳೆದು ಓಡುತ್ತಿದ್ದೆ. ಮೂಲೆಗಳೆಲ್ಲ ಹಾಗೇ ಉಳಿಯುತ್ತಿದ್ದವು. ನಾನು ಹೋದ ಮೇಲೆ ಅತ್ತೆ ಇನ್ನೊಂದು ಸಲ ಗುಡಿಸುತ್ತಾರೆ ಅಂತ ನನಗೆ ಗೊತ್ತಿತ್ತು. ಬಿಸಿಲು ಬಂದ ಮೇಲೆ, ನಿಧಾನವಾಗಿ, ಸೊಂಟ ಹಿಡಿದುಕೊಂಡು ಗುಡಿಸುತ್ತಾರೆ ಅಂದುಕೊಂಡಿದ್ದೆ. ಪಾಪ ಅಂತಲೂ ಅನ್ನಿಸುತ್ತಿತ್ತು.

ಒಂದು ದಿನ ಟೀ ಅಂಗಡಿಯ ಹತ್ತಿರ ಹೋಗಿ ಕುತ್ತಿಗೆ ಮುಟ್ಟಿಕೊಂಡರೆ ಐಡಿ ಕಾರ್ಡು ಇಲ್ಲ. ಕಾರ್ಡಿಲ್ಲದೆ ಕಂಪನಿ ಗೇಟಿನೊಳಗೆ ಬಿಡುವುದಿಲ್ಲ. ವ್ಯಾನು ಇನ್ನೂ ಬಂದಿರಲಿಲ್ಲ. ಓಡಿದೆ. ನಮ್ಮ ಬೀದಿ ಏನು ಉದ್ದವೇ, ಟೀ ಅಂಗಡಿಯಿಂದ ನಮ್ಮ ಬಾಗಿಲು ಕಾಣುತ್ತದೆ. ಹೋಗಿ ಬಂದದ್ದು ಅಷ್ಟರಲ್ಲೇ. ಬಾಗಿಲಿಗೆ ಕಾಲಿಡುತ್ತಿದ್ದ ಹಾಗೆ ಒಳಗಿನಿಂದ ಪೊರಕೆಯ ಸದ್ದು ಕೇಳಿಸಿತು.

ಅತ್ತೆ ಹಾಲಿನ ಅರ್ಧ ಗುಡಿಸಿ ಮುಗಿಸಿದ್ದರು. ಅಂದರೆ ನಾನು ಮೆಟ್ಟಿಲಿಳಿದ ಕೂಡಲೇ ಶುರು ಮಾಡಿರಬೇಕು. ಗೇಟಿನ ಚಿಲಕ ಹಾಕಿದ ಸದ್ದು ಕೇಳುವವರೆಗೂ ಕಾದಿರಲಿಕ್ಕಿಲ್ಲ.

"ಏನ್ ಮರ್ತೆ?" ಅಂದರು, ಗುಡಿಸುತ್ತಲೇ.

"ಕಾರ್ಡು."

ಮೊಳೆಗೆ ನೇತುಹಾಕಿದ್ದ ಕಾರ್ಡನ್ನು ತೆಗೆದುಕೊಟ್ಟರು. ನಾನು ಅಲ್ಲೇ ನಿಂತಿದ್ದೆ.

"ಅತ್ತೆ, ನಾನು ಈಗ್ ತಾನೆ ಹೋದೆ."

"ಹೂಂ."

"ಗುಡಿಸ್ತಾ ಇದೀರ."

ಆಗ ಅವರಿಗೆ ಕೈಯಲ್ಲಿದ್ದ ಪೊರಕೆಯ ನೆನಪಾಯಿತು. ಮುಚ್ಚಿಡಲಿಲ್ಲ, ಮುಜುಗರ ಪಡಲಿಲ್ಲ. "ನಿಂದೇನಮ್ಮ, ನೀನ್ ಬಂದೇ ಬತ್ತೀಯ. ಹೋಗು, ವ್ಯಾನ್ ಹೋಗ್ಬುಡ್ತದೆ" ಅಂದರು.

ಮೈದುನನನ್ನು ಕೂರಿಸಿ ನೀರು ಕುಡಿಸಿದವರು ಇವರೇ. ನನಗೆ ಕೂತ್ಕೋ ಅನ್ನಲಿಲ್ಲ, ನೀರು ಅನ್ನಲಿಲ್ಲ. ನಾನು ಗೇಟು ತಲುಪುವ ಮೊದಲೇ ಮತ್ತೆ ಸದ್ದು ಶುರುವಾಯಿತು.

ವ್ಯಾನು ಸಿಕ್ಕಿತು. ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಆದರೆ ಅವತ್ತು ನನ್ನ ಕೈ ನನ್ನ ಮಾತು ಕೇಳಲಿಲ್ಲ. ಟೇಪನ್ನು ಎಳೆದೆಳೆದು ಸುತ್ತಿದ್ದಕ್ಕೆ ಎಷ್ಟೋ ಪೀಸು ವಾಪಸು ಬಂದವು. ಇಷ್ಟು ವರ್ಷ ಆ ಹಾಲಿನಲ್ಲಿ ಪೊರಕೆ ಹಿಡಿದು ನಿಂತದ್ದನ್ನೆಲ್ಲ ನೆನೆಸಿಕೊಂಡೆ. ಯಾರು ಹೋದರೂ ಕಾದೆ. ಮನೆಯಿಂದ ಹೋಗುವವರಿಗೆಲ್ಲ ಇರುವ ಶಾಸ್ತ್ರ, ನನಗೂ ಇದೆ ಅಂತ ನಂಬಿಕೊಂಡೇ ಕಾದೆ. ಕೋಪ ಬರುತ್ತಿದ್ದರೂ ಅದೊಂದು ಸಮಾಧಾನ ಇತ್ತು, ನಾನು ಹೋದ ಮೇಲೂ ಆ ಮನೆ ಒಂದು ಗಳಿಗೆ ಸುಮ್ಮನೆ ಕೂತಿರುತ್ತದೆ ಅಂತ. ಅದೂ ಇರಲಿಲ್ಲ. ನನಗೆ ಅಳು ಬಂತು. ಪಕ್ಕದ ಟೇಬಲಿನವಳು ಕಣ್ಣಿಗೆ ಏನು ಬಿತ್ತು ಅಂದಳು, ಧೂಳು ಅಂದೆ.

ಸಂಜೆ ಗಂಡನಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಆಮೇಲೆ ನಕ್ಕರು. "ಇದೊಂದು ಇಸ್ಯಾನಾ? ಅಮ್ಮ ವಯಸ್ಸಾದೋರು, ನೆಪ್ಪಿರಲ್ಲ" ಅಂದರು. ನೆನಪಿಲ್ಲದವರು ಹೆಲ್ಮೆಟ್ಟು ಮರೆತವನಿಗೆ ನೀರು ಕುಡಿಸುತ್ತಾರೆಯೇ ಅಂತ ಕೇಳಿದೆ. ಅವರು ಟಿವಿ ಕಡೆ ತಿರುಗಿದರು.

ಅವರೆಕಾಯಿ ಕಾಲ. ಒಂದು ಭಾನುವಾರ ನಾನೂ ಅತ್ತೆಯೂ ಮೊರ ಮುಂದಿಟ್ಟುಕೊಂಡು ಕಾಯಿ ಸುಲಿಯುತ್ತಿದ್ದೆವು. ಗಂಡಸರಿಬ್ಬರೂ ಮಲಗಿದ್ದರು. ಇನ್ನು ತಡೆಯಲಾರೆ ಅನ್ನಿಸಿ ಕೇಳಿಯೇಬಿಟ್ಟೆ.

"ಅತ್ತೆ, ನಾನು ಹೋದ್ರೆ ಯಾಕೆ ಕಾಯಲ್ಲ ನೀವು?"

ಯಾವುದರ ಬಗ್ಗೆ ಅಂತ ಅವರು ಕೇಳಲಿಲ್ಲ. ಅವರಿಗೂ ಅದು ಮರೆತಿರಲಿಲ್ಲ ಅಂತ ಆಗ ಗೊತ್ತಾಯಿತು.

"ಹೆಣ್ಮಕ್ಳಿಗೆ ಯಾರಮ್ಮ ಕಾಯ್ತಾರೆ? ನಾನು ಹೂ ಬಿಡ್ಸಕ್ಕೆ ಕೂಲಿಗ್ ಹೋಗ್ತಿದ್ನಲ್ಲ, ಇನ್ನೂ ಮಬ್ಬು ಇರ್ತಿತ್ತು. ಕೊಟ್ಟಿಗೆ ತಾವ ಹೋಗಿರಕಿಲ್ಲ, ನಮ್ಮತ್ತೆ ಪರಕೆ ಸದ್ದು ಕೇಳಿಸ್ತಿತ್ತು. ಅದ್ ಕೇಳ್ಕೊಂಡೇ ಹೋಗ್ತಿದ್ದೆ."

"ನಿಮ್ಗೆ ಏನೂ ಅನ್ನಿಸ್ತಿರ್ಲಿಲ್ವಾ?"

"ಏನನ್ನಿಸ್ತದೆ? ಸೊಸೆ ಎಲ್ಲಿಗೋಗ್ತಾಳೆ? ಹೊತ್ತಿಗ್ ಸರಿಯಾಗಿ ಬಂದ್ ಒಲೆ ಹಚ್ತಾಳೆ." ಕಾಯಿಯೊಳಗಿನ ಹುಳ ತೆಗೆದು ಆಚೆ ಎಸೆದರು. "ಗಂಡ್ ಮಕ್ಳಂಗಲ್ಲ. ಅವ್ರು ಹೋದ್ರೆ ಬರೋವರ್ಗೂ ಜೀವ ಹೊಡ್ಕೊಳ್ತದೆ."

ನನಗೆ ಆಗ ಬಂದ ಸಿಟ್ಟಿಗೆ ಹೋಗಲು ಜಾಗವೇ ಇರಲಿಲ್ಲ. ಅವರ ಮೇಲೆ ರೇಗೋಣ ಅಂದರೆ ಮಬ್ಬಿನಲ್ಲಿ ಬೆನ್ನ ಹಿಂದೆ ಪೊರಕೆಯ ಸದ್ದು ಕೇಳುತ್ತ ನಡೆದುಹೋಗುವ ಸೊಸೆಯೊಬ್ಬಳು ಅಡ್ಡ ಬಂದಳು. ಅವರ ಅತ್ತೆಯ ಮೇಲೆ ರೇಗೋಣ ಅಂದರೆ ಅವರ ಬೆನ್ನ ಹಿಂದೆ ಯಾರು ಗುಡಿಸಿದ್ದರೋ. ಪ್ರತಿಯೊಬ್ಬಳೂ ತನಗಾದದ್ದನ್ನೇ ಮುಂದಿನವಳಿಗೆ ಮಾಡಿ, ಅದನ್ನು ಶಾಸ್ತ್ರ ಅಂತಲೂ ಅನ್ನದೆ, ಮಾಮೂಲಿ ಅಂದುಕೊಂಡು ಕಾಯಿ ಸುಲಿಯುತ್ತಾಳೆ. ನಾನು ಮೊರ ಅವರ ಕಡೆ ತಳ್ಳಿ ಎದ್ದೆ.

ಅದಾಗಿ ಸ್ವಲ್ಪ ದಿನಕ್ಕೆ ಅತ್ತೆ ಊರಿಗೆ ಹೊರಟರು. ತಂಗಿಯ ಮನೆಯಲ್ಲಿ ಹೊಸ ರಾಗಿ ಬಂದಿತ್ತು, ನೋಡಿ ಹಸನು ಮಾಡಿಸಿ ತರಬೇಕಿತ್ತು. ತಳಿ ಕಡೆಯ ಮೊದಲ ಬಸ್ಸಿಗೆ ಹೋಗಬೇಕು ಅಂತ ಬೆಳಗ್ಗೆಯೇ ತಯಾರಾದರು. ಗಂಡನದು ಅವತ್ತು ರಾತ್ರಿ ಪಾಳಿ, ಇನ್ನೂ ಬಂದಿರಲಿಲ್ಲ. ಮೈದುನ ಬೈಕಿನಲ್ಲಿ ಹೊಸೂರು ಬಸ್ ಸ್ಟಾಂಡಿಗೆ ಬಿಟ್ಟು ಹಾಗೇ ಕೆಲಸಕ್ಕೆ ಹೋಗುವವನು.

"ಹೋಗ್ಬತ್ತೀನಿ ಕಣಮ್ಮ. ಗುಡಿಸಿ ದೀಪ ಹಚ್ಬುಟ್ಟು ಹೋಗು" ಅಂದರು. ಯಾವಾಗ ಗುಡಿಸಬೇಕು, ಎಷ್ಟು ಕಾಯಬೇಕು ಅಂತ ಹೇಳಲಿಲ್ಲ. ತಾವೇ ಹೋಗುವವರಾದಾಗ ಅದು ಅವರಿಗೆ ಹೊಳೆಯಲೇ ಇಲ್ಲ.

ಬೈಕು ಹೋಯಿತು. ನಾನು ಪೊರಕೆ ಎತ್ತಿಕೊಂಡೆ. ಮನೆಯಲ್ಲಿ ಯಾರೂ ಇಲ್ಲ. ಈಗ ಗುಡಿಸಿದರೆ ನೋಡುವವರಿಲ್ಲ, ವ್ಯಾನಿಗೂ ಬೇಕಾದಷ್ಟು ಹೊತ್ತಿತ್ತು. ಅವರು ನನಗೆ ಮಾಡಿದ್ದನ್ನೇ ಅವರಿಗೆ ಮಾಡಬಹುದು. ಬೇಕು ಅಂತಲೇ ಬಗ್ಗಿದೆ. ಪೊರಕೆ ನೆಲಕ್ಕೆ ತಾಗಿತು. ಆಗ ಬೈಕಿನ ಹಿಂದೆ ಒಂದು ಕಡೆಗೆ ಕಾಲು ಹಾಕಿ, ಚೀಲವನ್ನು ಎದೆಗೆ ಒತ್ತಿಕೊಂಡು ಕೂತಿದ್ದ ಅವರ ಬೆನ್ನು ಕಣ್ಣಿಗೆ ಬಂತು. ನನ್ನ ಕೈ ಆಡಲಿಲ್ಲ.

ಸರಿ, ಕಾಯೋಣ ಅಂದುಕೊಂಡೆ. ಎಷ್ಟು ಹೊತ್ತು? ಅವರು ಹೊಸೂರು ಸೇರಿ ಬಸ್ಸು ಹತ್ತುವವರೆಗೆ ಕಾದರೆ ವ್ಯಾನು ಹೋಗುತ್ತದೆ, ವ್ಯಾನು ಹೋದರೆ ಕೆಲಸ ಹೋಗುತ್ತದೆ. ಅವರಿಗಾಗಿ ಯಾರೂ ಯಾವತ್ತೂ ಕಾಯದ್ದನ್ನೆಲ್ಲ ನಾನೊಬ್ಬಳೇ ಕಾದು, ಅದಕ್ಕೂ ನಾನೇ ದಂಡ ಕಟ್ಟಬೇಕು. ಆ ಪೊರಕೆಯನ್ನು ಕಿಟಕಿಯಿಂದ ಆಚೆ ಎಸೆಯಬೇಕು ಅನ್ನುವಷ್ಟು ರೋಸಿಹೋಯಿತು.

ಎಸೆಯಲಿಲ್ಲ. ಬಾಗಿಲ ಹಿಂದೆ ಇಟ್ಟೆ. ಗುಡಿಸಲೂ ಇಲ್ಲ. ಮೈದುನನ ಚಾಪೆಯ ಕಡ್ಡಿ, ಹಿಂದಿನ ದಿನದ ಕೂದಲು, ಕಡಲೆಕಾಯಿ ಸಿಪ್ಪೆ ಎಲ್ಲ ಹಾಗೇ ಇರಲಿ ಅಂತ ಬಿಟ್ಟು, ನೀರು ರಂಗೋಲಿ ದೀಪ ಒಂದೂ ಇಲ್ಲದೆ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಓನರಮ್ಮನ ಕೈಗೆ ಕೊಟ್ಟು ಹೊರಟೆ. ಮದುವೆಯಾದ ಮೇಲೆ ಗುಡಿಸದ ಮನೆಯಿಂದ ಹೊರಗೆ ಕಾಲಿಟ್ಟದ್ದು ಅದೇ ಮೊದಲು. ಟೀ ಅಂಗಡಿಯ ಹತ್ತಿರ ಎಲ್ಲರಿಗಿಂತ ಮೊದಲು ಹೋಗಿ ನಿಂತಿದ್ದೆ. ಡ್ರೈವರು ನನ್ನನ್ನು ನೋಡಿ ತನ್ನ ವಾಚು ನೋಡಿಕೊಂಡ.

ಸಂಜೆ ಮನೆಗೆ ಬಂದರೆ ಗಂಡ ಬಾಗಿಲಲ್ಲೇ ನಿಂತಿದ್ದರು. "ಏನಿದು, ಕಾಲಿಟ್ ಕಡೆಲೆಲ್ಲ ಕರಕರ ಅಂತದೆ? ಗುಡಿಸ್ಲಿಲ್ವಾ?"

"ನಿಮ್ಮಮ್ಮ ಊರಿಗ್ ಹೋಗವ್ರಲ್ವಾ. ಕಾಯ್ತಾ ಇದೀನಿ."

"ಬೆಳಗ್ಗೆ ಹೋದೋರಿಗೆ ಇನ್ನೂನಾ?"

"ಅವರು ಗಡಿಯಾರ ಇಟ್ಟು ಹೋಗಿಲ್ಲ. ಬಂದ್ಮೇಲೆ ಗುಡಿಸ್ತೀನಿ."

ತಮಾಷೆ ಅಂದುಕೊಂಡರು. ಮರುದಿನವೂ ಗುಡಿಸಲಿಲ್ಲ, ಅವತ್ತೂ ಮೊದಲು ಹೋಗಿ ವ್ಯಾನಿಗೆ ನಿಂತೆ. ಸಂಜೆ ಮೈದುನ ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಲಿನಲ್ಲಿ ಓಡಾಡುತ್ತಿದ್ದ. ಅದಕ್ಕೂ ಮರುದಿನ ಗಂಡನಿಗೆ ತಡೆಯಲಾಗಲಿಲ್ಲ. "ಹೋಗ್ಲಿ, ನಾನೇ ಗುಡಿಸ್ತೀನಿ" ಅಂತ ಪೊರಕೆ ಎತ್ತಿಕೊಂಡರು. ಅವರ ಕೈಯಲ್ಲಿ ಪೊರಕೆ ನೋಡಿದ್ದೂ ಅದೇ ಮೊದಲು.

"ಗುಡ್ಸಿ" ಅಂದೆ. "ನಿಮ್ಮಮ್ಮ ಊರಲ್ಲವ್ರೆ. ಇನ್ನೂ ಬಂದಿಲ್ಲ. ಅದೊಂದು ನೆಪ್ಪಿರ್ಲಿ."

ಅವರು ಪೊರಕೆ ಹಿಡಿದು ಹಾಲಿನ ನಡುವೆ ನಿಂತರು, ನಾನು ಇಷ್ಟು ವರ್ಷ ನಿಂತ ಜಾಗದಲ್ಲೇ. ಒಂದು ಸಲ ಬಾಗಿಲು ನೋಡಿದರು, ಒಂದು ಸಲ ನನ್ನನ್ನು ನೋಡಿದರು. ಆಮೇಲೆ ಪೊರಕೆಯನ್ನು ಮೆಲ್ಲಗೆ ಬಾಗಿಲ ಹಿಂದೆ ಇಟ್ಟು, ಫೋನು ತೆಗೆದು ಅಮ್ಮನಿಗೆ ಯಾವಾಗ ಬರ್ತೀಯ ಅಂತ ಕೇಳಿದರು.

ಮಾರನೆಯ ದಿನ ಅತ್ತೆ ರಾಗಿ ಮೂಟೆಯ ಜೊತೆ ಆಟೋದಲ್ಲಿ ಬಂದಿಳಿದರು. ಒಳಗೆ ಬಂದವರು ಹಾಲಿನ ಬಾಗಿಲಲ್ಲೇ ನಿಂತರು. ದೇವರ ಮುಂದೆ ದೀಪ ಒಣಗಿತ್ತು. ನೆಲದಲ್ಲಿ ಹೆಜ್ಜೆಗಳ ಗುರುತು ಕಾಣುತ್ತಿತ್ತು. ನಾನು ಆಗತಾನೆ ಕೆಲಸದಿಂದ ಬಂದಿದ್ದೆ.

"ಇದೇನ್ ಮನೇನೋ, ಕಣಾನೋ?"

"ನೀವು ಹೋಗಿದ್ರಲ್ಲ ಅತ್ತೆ. ನಿಮ್ ಬೆನ್ನಿಗೆ ಹೆಂಗ್ ಗುಡಿಸ್ಲಿ?"

ಅವರು ಚೀಲ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲ ಹಿಂದಿನಿಂದ ಪೊರಕೆ ತೆಗೆದುಕೊಂಡರು. ದೀಪದ ಹೊತ್ತು ಇನ್ನೂ ಆಗಿರಲಿಲ್ಲ. ಗುಡಿಸುತ್ತಾ ಗುಡಿಸುತ್ತಾ ಒಂದು ಕಡೆ ನಿಂತು ನನ್ನ ಕಡೆ ತಿರುಗಿದರು. ಮುಖ ಕೆಂಪಾಗಿತ್ತು.

"ನಾಳೆಯಿಂದ ನೀನು ಈ ಪರಕೆ ಮುಟ್ಬೇಡ. ನಾನೇ ಮಾಡ್ಕೊತೀನಿ" ಅಂದರು.

ಇದು ನನಗೆ ಕೊಟ್ಟ ಶಿಕ್ಷೆ. ಮನೆಯ ಮೊದಲ ಕಸ ಗುಡಿಸುವ ಸೊಸೆಯ ಹಕ್ಕನ್ನು ಕಿತ್ತುಕೊಂಡದ್ದು ಅಂತ ಅವರ ಲೆಕ್ಕ. ನನಗೆ ಅವಮಾನವಾಗಬೇಕಿತ್ತು, ಸ್ವಲ್ಪ ಆಯಿತು ಕೂಡ. ಆದರೆ ಆ ರಾತ್ರಿ ವ್ಯಾನಿನ ಚಿಂತೆ ಇಲ್ಲದೆ ನಿದ್ದೆ ಬಂತು.

ಗಂಡನ ರಾತ್ರಿ ಪಾಳಿ ಮುಗಿದು ಶಿಫ್ಟು ಬದಲಾಗಿತ್ತು. ಮರುದಿನ ಬೆಳಗ್ಗೆ ಗಂಡ ಹೋದರು, ಮೈದುನ ಹೋದ. ಅತ್ತೆ ಕಾಫಿ ಊದಿಕೊಂಡು ಕೂತಿದ್ದರು. ನಾನು ಡಬ್ಬಿ ಚೀಲಕ್ಕೆ ಹಾಕಿ, ಕಾರ್ಡು ಮುಟ್ಟಿ ನೋಡಿಕೊಂಡು, "ಹೋಗ್ಬತ್ತೀನಿ ಅತ್ತೆ" ಅಂದೆ. ಗೇಟಿನ ಚಿಲಕ ಹಾಕುವಾಗ ಕಿವಿ ಹಿಂದಕ್ಕೇ ಇತ್ತು. ಸದ್ದು ಕೇಳಲಿಲ್ಲ. ಸೊಂಟ ನೋಯುತ್ತಿರಬೇಕು, ಆಮೇಲೆ ಗುಡಿಸುತ್ತಾರೆ ಅಂದುಕೊಂಡೆ. ತಿರುಗಿ ನೋಡಬಾರದು ಅಂತ ಹಟ ಮಾಡಿಕೊಂಡೇ ಟೀ ಅಂಗಡಿಯವರೆಗೆ ನಡೆದೆ.

ವ್ಯಾನು ಬರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಬಂದು ನಿಂತರು, ಆದರೂ ಬರಲಿಲ್ಲ. ಕೊನೆಗೆ ತಿರುಗಿ ನೋಡಿದೆ. ಅತ್ತೆ ಮೆಟ್ಟಿಲ ಮೇಲೆ ಕೂತಿದ್ದರು. ಕೈಯಲ್ಲಿ ಕಾಫಿ ಲೋಟ ಇರಲಿಲ್ಲ. ಪೊರಕೆ ಪಕ್ಕದ ಗೋಡೆಗೆ ಒರಗಿಕೊಂಡಿತ್ತು. ಕತ್ತು ನೀಟಿ ನಮ್ಮ ಕಡೆಯೇ ನೋಡುತ್ತಿದ್ದರು. ನಾನು ನೋಡಿದ್ದು ಕಂಡ ಕೂಡಲೇ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು.

"ಇನ್ನೂ ಬರ್ಲಿಲ್ವೇನಮ್ಮ ನಿನ್ ವ್ಯಾನು? ಎಷ್ಟೊತ್ತಂತ ಕೂತಿರೋದು, ನಂಗೂ ಕೆಲ್ಸ ಐತೆ."

ಎಲ್ಲರೂ ನನ್ನನ್ನು ನೋಡಿದರು. ಕಾಯುವುದೂ ನನ್ನದೇ ತಪ್ಪು ಅನ್ನುವ ಹಾಗೆ ಬೈಯುತ್ತಿದ್ದಾರಲ್ಲ ಅಂತ ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ, ಈ ವ್ಯಾನು ಇನ್ನೂ ಸ್ವಲ್ಪ ತಡವಾಗಿ ಬರಲಿ ಅಂತ ಬೇಡಿಕೊಂಡೆ.